ಉಡ ಮಲಗಿದ ಚಳಿಗಾಲ

ಎಪ್ಪತ್ತರ ದಶಕದ ಕೊನೆಗೆ ನಾನು ಬಾದಾಮಿಯಿಂದ ಇಳಕಲ್ಲಿನ ಮನೆಗೆ ಸೊಸೆಯಾಗಿ ಬಂದೆ. ತವರಿನಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. ಇಲ್ಲಿ ಮೊದಲ ದಿನವೇ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು, ಮಾವನ ಜೊತೆ ನೇರವಾಗಿ ಮಾತಾಡಬಾರದು, ಏನಿದ್ದರೂ ತನಗೆ ಹೇಳಬೇಕು, ತಾನು ಮುಟ್ಟಿಸುತ್ತೇನೆ ಎಂದು ತಿಳಿಸಿದರು. ಮಾವನೂ ಅದೇ ರೀತಿ. ನಾನು ಎದುರಿಗೇ ನಿಂತಿದ್ದರೂ ನೀರು ತರಲು ಹೇಳೆಂದು ಅತ್ತೆಗೆ ಹೇಳುವರು, ಅತ್ತೆ ನನಗೆ ಹೇಳುವರು. ಅವರ ಮಾತು ಮುಗಿಯುವ ಮೊದಲೇ ನಾನು ತಂಬಿಗೆ ಹಿಡಿದು ನಿಂತಿರುತ್ತಿದ್ದೆ. ಒಮ್ಮೊಮ್ಮೆ ನಗು ಬರುತ್ತಿತ್ತು, ಒಮ್ಮೊಮ್ಮೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಪದ್ಧತಿ ಪದ್ಧತಿಯೇ, ನಾನೂ ಅದಕ್ಕೆ ಒಗ್ಗಿಕೊಂಡೆ.

ಮುಂದೆ ಸ್ವಲ್ಪ ಕಾಲಕ್ಕೇ ಅತ್ತೆ ತೀರಿಕೊಂಡರು. ನನ್ನ ಗಂಡ ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತರು, ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮಕ್ಕಳಿನ್ನೂ ಆಗಿರಲಿಲ್ಲ. ಇಡೀ ಹಗಲು ಆ ಮನೆಯಲ್ಲಿ ಮಾವ ಮತ್ತು ನಾನು ಇಬ್ಬರೇ, ನಡುವೆ ಮಾತು ಮುಟ್ಟಿಸುವ ಜೀವವೇ ಇಲ್ಲ. ಮಾವ ಸೀರೆಯ ಸೆರಗಿಗೆ ಬೇಕಾದ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಹಿತ್ತಲಿನ ಪಡಸಾಲೆಯಲ್ಲಿ ಅವರ ಒಲೆ, ಒಲೆಯ ಮೇಲೆ ದೊಡ್ಡ ಹಂಡೆ, ಮೊಣಕೈವರೆಗೂ ಕೆಂಪಾದ ಅವರ ಕೈಗಳು. ನಾನು ಒಳಗೆ ಅಡುಗೆಮನೆಯಲ್ಲಿ. ಅವರು ಕೆಮ್ಮಿದರೆ ಊಟಕ್ಕೆ ಹೊತ್ತಾಯಿತೆಂದು ನಾನು ತಿಳಿಯಬೇಕು, ನಾನು ತಟ್ಟೆಯನ್ನು ಸದ್ದು ಮಾಡಿ ಇಟ್ಟರೆ ಬಡಿಸಿದೆನೆಂದು ಅವರು ತಿಳಿಯಬೇಕು. ಅತ್ತೆಯ ಕಾಲದಲ್ಲಿ ಹರಟೆ ಹೊಡೆಯುತ್ತಿದ್ದ ಮನುಷ್ಯ ದಿನೇ ದಿನೇ ಮೂಕರಾದರು. ಮಗನ ಜೊತೆಯೂ ಹೂಂ, ಉಹೂಂ ಅಷ್ಟೇ. ತಟ್ಟೆಯಲ್ಲಿ ಅರ್ಧ ಉಳಿಯತೊಡಗಿತು. ಅವರನ್ನು ನೋಡಿದರೆ ನನಗೆ ಭಯವಾಗುತ್ತಿತ್ತು. ಕೇಳೋಣವೆಂದರೆ ಕೇಳುವಂತಿಲ್ಲ.

ಆ ಶ್ರಾವಣದಲ್ಲಿ ನನ್ನ ಗಂಡ ಟವೆಲ್ಲಿನಲ್ಲಿ ಕಟ್ಟಿಕೊಂಡು ಒಂದು ಉಡದ ಮರಿ ತಂದರು. ಕೆಂಪುಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವ ಗೆಳೆಯನಿಗೆ ಬಂಡೆಯ ಬಿರುಕಿನಲ್ಲಿ ಸಿಕ್ಕಿತ್ತಂತೆ. ಬಾಲದ ತುದಿ ಕಲ್ಲಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಗಾಯ ಮಾಯ್ದ ಮೇಲೆ ಬಿಟ್ಟುಬಿಡೋಣ ಎಂದರು. ಮಾವ ಅದನ್ನು ಕೈಗೆತ್ತಿಕೊಂಡರು, ಕೆಳಗಿಡಲೇ ಇಲ್ಲ. ಉಡ ಮನೆ ಹೊಕ್ಕರೆ ಆ ಮನೆ ಬಿಡಬೇಕೆಂದು ಓಣಿಯ ಹೆಂಗಸರು ಗದ್ದಲ ಎಬ್ಬಿಸಿದರು. ಅದು ತಾನಾಗಿ ಹೊಕ್ಕಿಲ್ಲ, ನಾವು ಕರೆದುಕೊಂಡು ಬಂದಿದ್ದೇವೆ, ಕರೆದು ತಂದವರಿಗೆ ದೋಷವಿಲ್ಲ ಎಂದು ಮಾವ ವಾದ ಹೂಡಿದರು. ಅತ್ತೆ ಹೋದ ಮೇಲೆ ಅವರು ಆಡಿದ ಅತಿ ಉದ್ದದ ಮಾತು ಅದೇ.

ಗಾಯ ಮಾಯಿತು, ಉಡ ಹೋಗಲಿಲ್ಲ. ಮೊಳದುದ್ದದ ಮೈ, ಬೂದಿ ಬಣ್ಣ, ಕುತ್ತಿಗೆ ಎತ್ತಿ ನಡೆಯುವ ಗತ್ತು. ಕೆಲಸವಿಲ್ಲ, ಬೊಗಸೆಯಿಲ್ಲ, ಹೊತ್ತು ಹೊತ್ತಿಗೆ ಜಿರಲೆ ಹುಡುಕಿಕೊಂಡು ತಿನ್ನುವುದು, ಬಿಸಿಲಿಗೆ ಚಾಚಿಕೊಂಡು ಬೀಳುವುದು. ಅದಕ್ಕೇ ನಾವು ಅದನ್ನು ಸಾವ್ಕಾರ ಎಂದೆವು. ಅಡುಗೆಮನೆಗೂ ಹಿತ್ತಿಲ ಪಡಸಾಲೆಗೂ ನಡುವೆ ಇರುವ ಹೊಸ್ತಿಲು ಅದರ ಮೆಚ್ಚಿನ ಜಾಗ. ಒಂದು ಮಧ್ಯಾಹ್ನ ಅದು ಅಲ್ಲಿ ಮಲಗಿದೆ, ಮಾವ ಆಚೆ ಉಣ್ಣುತ್ತಿದ್ದಾರೆ, ನಾನು ಈಚೆ ಕೂತಿದ್ದೇನೆ. ಮಾವ ಗಂಟಲು ಸರಿಪಡಿಸಿಕೊಂಡರು.

"ಸಾವ್ಕಾರ, ಪಲ್ಯಾಕ ಉಪ್ಪ ಹೆಚ್ಚಾಗೈತಿ ಅಂತ ಹೇಳು."

ಉಡ ನಾಲಗೆ ಚಾಚಿತು, ಒಳಗೆಳೆದುಕೊಂಡಿತು. ನನಗೆ ಏನನ್ನಿಸಿತೋ, ಬಾಯಿಯಿಂದ ಹೊರಟೇಬಿಟ್ಟಿತು.

"ಸಾವ್ಕಾರ, ನಾಳಿ ಕಡಿಮಿ ಹಾಕ್ತೇನಿ ಅಂತ ಹೇಳು."

ಅಲ್ಲಿಂದ ಶುರುವಾಯಿತು. ಪದ್ಧತಿಯೂ ಮುರಿಯಲಿಲ್ಲ, ಮಾತೂ ನಿಲ್ಲಲಿಲ್ಲ. ಸಾವ್ಕಾರನ ಮೂಲಕ ಮಾವ ನನಗೆ ಹಳೆಯ ಇಳಕಲ್ಲಿನ ಕಥೆ ಹೇಳಿದರು. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಬಣ್ಣದ ನೀರನ್ನು ಸಾರೆಂದು ತಿಳಿದು ಬಡಿಸಲು ಹೋದದ್ದನ್ನು ಹೇಳಿ ನಕ್ಕರು. ನಾನು ಬಾದಾಮಿಯ ಬಂಡೆ ಹತ್ತಿ ಬಿದ್ದದ್ದನ್ನು ಹೇಳಿದೆ. ತಟ್ಟೆಯಲ್ಲಿ ಅನ್ನ ಉಳಿಯುವುದು ನಿಂತಿತು. ರಾತ್ರಿ ನನ್ನ ಗಂಡನಿಗೆ ಹೇಳಿದರೆ, ನಿಮಗಿಬ್ಬರಿಗೂ ತಲೆ ಕೆಟ್ಟಿದೆ ಎಂದರು. ಕೆಟ್ಟಿದ್ದರೆ ಕೆಟ್ಟಿರಲಿ, ನನ್ನ ಜೀವಕ್ಕೆ ಆ ಕೆಟ್ಟ ತಲೆಯೇ ಹಿತವಾಗಿತ್ತು.

ದೀಪಾವಳಿ ಕಳೆದು ಚಳಿ ಬಿದ್ದಂತೆ ಸಾವ್ಕಾರನ ನಡೆ ನಿಧಾನವಾಯಿತು. ಮೊದಲು ಬಿಸಿಲಿಗೆ ಬರುವುದು ತಡವಾಯಿತು, ಆಮೇಲೆ ಬರುವುದೇ ನಿಂತಿತು. ಹಿತ್ತಿಲ ಪಡಸಾಲೆಯ ಮೂಲೆಯಲ್ಲಿದ್ದ ಬುಟ್ಟಿಯೊಳಗೆ ಹರಕು ಚೀಲದ ಕೆಳಗೆ ಸೇರಿಕೊಂಡರೆ ಹೊರಗೇ ಇಲ್ಲ. ಮುಟ್ಟಿದರೆ ಮೈ ತಣ್ಣಗೆ, ಹಿತ್ತಿಲ ಕಲ್ಲು ಮುಟ್ಟಿದಂತೆ. ಕಣ್ಣು ಮುಚ್ಚಿದ್ದು ಮುಚ್ಚಿದ್ದೇ. ಜಿರಲೆ ಹಿಡಿದು ಬಾಯಿ ಹತ್ತಿರ ಬಿಟ್ಟರೆ ಜಿರಲೆ ಅದರ ಮೂತಿಯ ಮೇಲೆಯೇ ಹತ್ತಿ ಇಳಿದು ಹೋಯಿತು. ಇದು ಸತ್ತರೆ ಈ ಮನೆ ಮತ್ತೆ ಮೊದಲಿನಂತಾಗುತ್ತದೆ, ಮಾವ ಮತ್ತೆ ಅರ್ಧ ತಟ್ಟೆ ಬಿಟ್ಟು ಏಳುತ್ತಾರೆ ಎನ್ನುವುದೊಂದೇ ನನ್ನ ತಲೆಯಲ್ಲಿ. ಬಂಡೆಗಳ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಆದರೆ ಅಲ್ಲಿನ ಉಡಗಳು ಚಳಿಗಾಲದಲ್ಲಿ ಏನು ಮಾಡುತ್ತವೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಿಸಿಲಿನಲ್ಲಿ ಕಾಣುತ್ತಿದ್ದವು, ನೋಡುತ್ತಿದ್ದೆವು. ಕಾಣದಾಗ ಯಾರು ಹುಡುಕಿಕೊಂಡು ಹೋಗುತ್ತಾರೆ?

ಮಾವನಿಗೂ ಕಳವಳ. ಬುಟ್ಟಿಯ ಹತ್ತಿರ ಕೂತು ಏಳುವರು, ಮತ್ತೆ ಹೋಗಿ ಕೂರುವರು. ಆದರೆ ಈ ವಿಷಯವನ್ನು ನಾವಿಬ್ಬರೂ ಆಡಿಕೊಳ್ಳುವುದು ಹೇಗೆ? ಮಾತು ಮುಟ್ಟಿಸುವವನೇ ಹಾಸಿಗೆ ಹಿಡಿದಿದ್ದ. ಪಡಸಾಲೆಯಲ್ಲಿ ಮತ್ತೆ ಕೆಮ್ಮು, ಒಳಗೆ ಮತ್ತೆ ತಟ್ಟೆಯ ಸದ್ದು. ಗಂಡನ ಮೂಲಕ ಹೇಳಿಸೋಣವೆಂದರೆ ಅವರು ಬರುವುದೇ ಕತ್ತಲಾದ ಮೇಲೆ, ಬಂದವರಿಗೆ ಹಸಿವು, ನಿದ್ದೆ. ಹುನಗುಂದದಲ್ಲಿ ದನದ ಡಾಕ್ಟರರನ್ನು ಕೇಳಿ ಬನ್ನಿ ಎಂದು ಗಂಟು ಬಿದ್ದೆ. ಡಾಕ್ಟರರು ನಕ್ಕು, ಎಮ್ಮೆ ಇದ್ದರೆ ಹೇಳಿ ಎಂದರಂತೆ. ಆ ನಗುವಿಗೆ ನಾನು ನನ್ನ ಗಂಡನ ಮೇಲೆ ಹರಿಹಾಯ್ದೆ, ಅವರದೇನು ತಪ್ಪಿತ್ತೋ.

ನಮ್ಮದು ತತ್ತಿಯನ್ನೂ ಮುಟ್ಟದ ಮನೆ. ನಮ್ಮ ಹಿತ್ತಲಿಗೆ ತಾಗಿದ ಹಿಂದಿನ ಮನೆಯಲ್ಲಿ ಕೋಳಿ ಸಾಕಿದ್ದ ಮುದುಕಿಯೊಬ್ಬಳಿದ್ದಳು. ಅವಳ ಹತ್ತಿರ ಗೋಡೆಯಾಚೆ ನಿಂತು ನನ್ನ ಕಷ್ಟ ಹೇಳಿಕೊಂಡಾಗ, ಬಳಲಿದ ಪ್ರಾಣಿಗೆ ತತ್ತಿಯಂಥದ್ದು ಬೇರೆ ಇಲ್ಲ ಎಂದಳು. ನಾನು ಒಂದು ದಿನವೆಲ್ಲ ಒದ್ದಾಡಿದೆ. ಕೊನೆಗೆ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ತತ್ತಿ ಇಸಿದುಕೊಂಡೆ, ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಮಾವ ಮಧ್ಯಾಹ್ನ ಉಂಡು ಹೊರಗಿನ ಕಟ್ಟೆಯ ಮೇಲೆ ಅಡ್ಡಾದಾಗ ಹಿತ್ತಿಲ ಪಡಸಾಲೆಗೆ ಹೋಗಿ ನೋಡಿದರೆ, ಆಶ್ಚರ್ಯ, ಸಾವ್ಕಾರ ಕಣ್ಣು ಬಿಟ್ಟಿದ್ದಾನೆ. ಮೈ ಬೆಚ್ಚಗಿದೆ. ತತ್ತಿ ಒಡೆದು ಬಟ್ಟಲಲ್ಲಿ ಹಾಕಿ ಸಿಪ್ಪೆ ಎಸೆದು ಬಂದೆ. ಬಟ್ಟಲು ನೆಕ್ಕಿ ಖಾಲಿ ಮಾಡಿದ. ನನಗೆ ಕುಣಿಯುವಷ್ಟು ಸಂತೋಷ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೆಳಿಗ್ಗೆ ನೋಡಿದರೆ ಹೆಣದಂತೆ ಬಿದ್ದಿರುವವನು ಮಧ್ಯಾಹ್ನಕ್ಕೆ ಕಣ್ಣು ಬಿಡುತ್ತಿದ್ದ. ನನ್ನ ತತ್ತಿಯ ಗುಣವೇ ಇದು ಎಂದುಕೊಂಡೆ.

ಗುಣ ಒಲೆಯದಾಗಿತ್ತು. ಬೆಳಿಗ್ಗೆ ಬಣ್ಣದ ಒಲೆ ಹೊತ್ತಿಸಿದ ಮೇಲೆ ಮಾವ ಬುಟ್ಟಿಯನ್ನು ಅದರ ಪಕ್ಕಕ್ಕೆ ಸರಿಸಿಡುತ್ತಿದ್ದರು. ಅದು ನನಗೆ ಕಂಡಿತ್ತು, ಮೂಲೆ ಗುಡಿಸಲಿಕ್ಕೆ ಸರಿಸಿರಬೇಕು ಎಂದುಕೊಂಡಿದ್ದೆ. ನನಗೆ ಕಾಣದೆ ಇದ್ದದ್ದು ಬೇರೆ. ಹಿಂದಿನ ಮನೆಯ ಅದೇ ಮುದುಕಿಯ ಹತ್ತಿರ, ಅದೇ ಆಣೆ ಹಾಕಿಸಿ, ಮಾವನೂ ತತ್ತಿ ತರುತ್ತಿದ್ದರು. ನಾನು ನೀರಿಗೆ ಹೋದ ಹೊತ್ತಿನಲ್ಲಿ ಸಿಪ್ಪೆ ಸಮೇತ ಜಜ್ಜಿ ತಿನಿಸುತ್ತಿದ್ದರು. ಮುದುಕಿ ಮಹಾ ಸತ್ಯವಂತೆ, ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡಳು. ಹೀಗೆ ಮಲಗಬೇಕಾದ ಪ್ರಾಣಿಯನ್ನು ದಿನವೂ ಎಬ್ಬಿಸಿ, ಒಬ್ಬರಾದ ಮೇಲೆ ಒಬ್ಬರು ತುರುಕಿ, ಸಂಜೆ ಒಲೆ ಆರಿದ ಮೇಲೆ ಚಳಿಗೆ ಬಿಟ್ಟು ನಾವು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆವು.

ಎಳ್ಳಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಮಗ್ಗದ ಸದ್ದೇ ಇರುವುದಿಲ್ಲ, ಬಣ್ಣದ ಒಲೆಯನ್ನೂ ಹೊತ್ತಿಸುವುದಿಲ್ಲ. ಹಿಂದಿನ ದಿನವೇ ಒಲೆ ಸಾರಿಸಿ ಕುಂಕುಮ ಇಟ್ಟು ಬಿಟ್ಟಿದ್ದರು. ಎರಡು ದಿನ ಬೆಂಕಿಯಿಲ್ಲ, ಹೊರಗೆ ಕೊರೆಯುವ ಗಾಳಿ. ಗಂಡ ಕಚೇರಿಗೆ ಹೋಗಿದ್ದರು. ನಾನು ಸಜ್ಜೆ ರೊಟ್ಟಿ ಬಡಿದು ಮುಗಿಸಿ ಹಿತ್ತಲಿಗೆ ಬಂದರೆ ಬುಟ್ಟಿಯಿಂದ ಹುಳಿ ವಾಸನೆ. ಚೀಲ ತೆಗೆದು ನೋಡಿದೆ. ಸಾವ್ಕಾರನ ಹೊಟ್ಟೆ ಉಬ್ಬಿತ್ತು, ಬಾಯಿ ತೆರೆದಿತ್ತು, ಬಾಯಿಯಿಂದ ಕೊಳೆತ ಹಳದಿ ಲೋಳೆ ಸುರಿದಿತ್ತು. ಉಸಿರಿಗೊಮ್ಮೆ ಗಂಟಲು ಅದುರುತ್ತಿತ್ತು. ಆವರೆಗೆ ನಾವು ಕಂಡದ್ದು ಕಾಯಿಲೆಯೋ ನಿದ್ದೆಯೋ ತಿಳಿಯದು, ಇದು ಮಾತ್ರ ಕಾಯಿಲೆಯೇ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹರಕು ಬಟ್ಟೆ ತಂದು ಒರೆಸಿದೆ. ಬಟ್ಟೆಗೆ ಚೂರು ಚೂರು ತತ್ತಿಯ ಸಿಪ್ಪೆ ಹತ್ತಿತು. ನಾನು ಎಂದೂ ಸಿಪ್ಪೆ ಹಾಕಿರಲಿಲ್ಲ.

ತಲೆಯೆತ್ತಿದರೆ ಮಾವ ಬಾಗಿಲಲ್ಲಿ ನಿಂತಿದ್ದಾರೆ. ಕಣ್ಣು ಬಟ್ಟೆಯ ಮೇಲಿದೆ. ಆ ಕ್ಷಣ ನನಗೆ ಸೆರಗು, ಪದ್ಧತಿ, ಅತ್ತೆಯ ಮಾತು ಏನೂ ನೆನಪಾಗಲಿಲ್ಲ.

"ಮಾವಾರ, ನೀವೂ ತತ್ತಿ ತಿನಸೀರೇನ್ರಿ?"

ಅವರ ಮುಖ ಬಿಳಿಚಿತು. ಹತ್ತಿರ ಬಂದು ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ನನ್ನತ್ತ ನೋಡಲಿಲ್ಲ. ಸಾಯುತ್ತಿರುವ ಆ ಪ್ರಾಣಿಯತ್ತ ತಿರುಗಿ, ಒಣಗಿದ ದನಿಯಲ್ಲಿ, "ಹೂಂ, ತಿನಸೀನಿ ಅಂತ ಹೇಳು" ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಜೊತೆಗೆ ಅಳುವೂ ಬಂತು.

"ಅದು ಹೇಳೂದಿಲ್ರಿ. ಅದು ಸಾಯಾಕ ಹತ್ತೈತಿ. ನನಗ ಹೇಳ್ರಿ."

ನಾನು ತಲೆ ಬಗ್ಗಿಸಲಿಲ್ಲ. ಹೊರಗೆ ಓಣಿಯಲ್ಲಿ ಯಾರದೋ ಮನೆಯವರು ಹಬ್ಬದ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟ ಗಲಾಟೆ ಕೇಳುತ್ತಿತ್ತು. ಮಾವ ಒಲೆಯ ಕಡೆ ನೋಡಿದರು, ಅದರ ಮೇಲಿನ ಕುಂಕುಮ ನೋಡಿದರು. ತಮ್ಮ ತಂದೆಯ ಕಾಲದಿಂದ ಅಮಾವಾಸ್ಯೆಗೆ ಹೊಗೆ ಕಾಣದ ಒಲೆ ಅದು. ಆಮೇಲೆ ಎದ್ದು ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಕಟಿಗಿ ತಾರವಾ," ಎಂದರು. ನನ್ನ ಮುಖ ನೋಡಿಯೇ ಎಂದರು.

ಓಡಿ ಹೋಗಿ ಕಟ್ಟಿಗೆ ತಂದೆ. ಇಬ್ಬರೂ ಸೇರಿ ಒಲೆ ಹೊತ್ತಿಸಿದೆವು, ಬುಟ್ಟಿಯನ್ನು ಶಾಖ ತಾಗುವಷ್ಟು ಹತ್ತಿರ ಇಟ್ಟೆವು. ಬೆಚ್ಚಗಿನ ನೀರಿನಲ್ಲಿ ಅರಳೆ ಅದ್ದಿ ಬಾಯಿ ತೊಳೆದೆವು. ಅವರು ತಲೆ ಹಿಡಿದರು, ನಾನು ಒರೆಸಿದೆ. ನೀನು ಎಷ್ಟು ಹಾಕುತ್ತಿದ್ದೆ, ಯಾವಾಗ ಹಾಕುತ್ತಿದ್ದೆ ಎಂದು ಅವರು ಕೇಳಿದರು, ನಾನು ಹೇಳಿದೆ. ನಾನು ಕೇಳಿದೆ, ಅವರು ಹೇಳಿದರು. ತಪ್ಪು ಯಾರದು ಎಂದು ಇಬ್ಬರೂ ಲೆಕ್ಕ ಹಾಕಲಿಲ್ಲ. ಅಮಾವಾಸ್ಯೆಗೆ ಬಣ್ಣಗಾರರ ಮನೆಯಿಂದ ಹೊಗೆ ಏಳುವುದನ್ನು ಕಂಡು ಓಣಿಯ ಒಂದಿಬ್ಬರು ಇಣುಕಿ ಹೋದರು. ಮಾವ ಇನ್ನೊಂದು ಕಟ್ಟಿಗೆ ಒಲೆಯೊಳಗೆ ತಳ್ಳಿದರು. ಸಂಜೆ ನನ್ನ ಗಂಡ ಬಂದವರು, ತಂದೆ ಮತ್ತು ಹೆಂಡತಿ ಎದುರುಬದುರು ಕೂತು ಮಾತಾಡುವುದನ್ನು ಕಂಡು ಬೇರೆಯವರ ಮನೆ ಹೊಕ್ಕವರಂತೆ ಬಾಗಿಲಲ್ಲೇ ನಿಂತುಬಿಟ್ಟರು.

ಸಾವ್ಕಾರ ಆ ರಾತ್ರಿ ಕಳೆದ. ಮರುದಿನ ಇನ್ನಷ್ಟು ಕಾರಿಕೊಂಡ, ಹೊಟ್ಟೆ ಇಳಿಯಿತು. ಆ ವಾರ ಕಚೇರಿ ಕೆಲಸಕ್ಕೆಂದು ಬಾಗಲಕೋಟೆಗೆ ಹೋದ ಗಂಡನನ್ನು, ಅಲ್ಲಿನ ಪಶುವೈದ್ಯರನ್ನು ಕೇಳದೆ ಬಂದರೆ ಊಟವಿಲ್ಲ ಎಂದು ಹೆದರಿಸಿ ಕಳಿಸಿದೆ. ಆ ಡಾಕ್ಟರರು ನಗಲಿಲ್ಲವಂತೆ. ಇಂಥ ಪ್ರಾಣಿಗಳಿಗೆ ನಮ್ಮ ಹಾಗೆ ಮೈಯೊಳಗೆ ಶಾಖವಿಲ್ಲ, ಚಳಿಗೆ ಅವು ಉಣ್ಣುವುದು ಬಿಟ್ಟು ಮಲಗುತ್ತವೆ, ಆಗ ಹೊಟ್ಟೆಗೆ ಬಿದ್ದದ್ದು ಅರಗದೆ ಕೊಳೆಯುತ್ತದೆ. ಇನ್ನೂ ಕೆಲವು ದಿನ ಬೆಚ್ಚಗಿಟ್ಟು ಹೊಟ್ಟೆ ಖಾಲಿಯಾದ ಮೇಲೆ ನಿಧಾನವಾಗಿ ತಂಪಿಗೆ ಬಿಡಿ, ಕುಡಿಯಲು ನೀರಿರಲಿ, ಮತ್ತೆ ಎಬ್ಬಿಸಬೇಡಿ. ಬಾಲದ ಬುಡ ದಪ್ಪವಾಗಿದ್ದು ಬಾಯಿ ಸ್ವಚ್ಛವಾಗಿದ್ದರೆ ಅದು ನಿದ್ದೆ, ಬಾಲ ಸೊರಗಿದರೆ, ಲೋಳೆ ಕಂಡರೆ ಕಾಯಿಲೆ. ಇಷ್ಟು ಹೇಳಿ, ಆದರೂ ಒಮ್ಮೆ ಕೆಟ್ಟ ಹೊಟ್ಟೆ, ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದರಂತೆ. ಆ ಕೊನೆಯ ಮಾತನ್ನು ನನ್ನ ಗಂಡ ನುಂಗಿಕೊಂಡಿದ್ದರೆ ನನಗೆ ಒಳ್ಳೆಯದಿತ್ತು.

ಗಂಡ ನೌಕರಿಗೆ ಸೇರಿದ ಮೇಲೆ ನಮ್ಮ ನಡುಮನೆಯ ಮಗ್ಗ ಎತ್ತಿಟ್ಟಿದ್ದರು, ನೇಯುವವರು ಕಾಲು ಇಳಿಬಿಡುವ ಅದರ ಕುಣಿ ಮಾತ್ರ ಹಲಗೆ ಮುಚ್ಚಿಕೊಂಡು ಹಾಗೇ ಉಳಿದಿತ್ತು. ಹೊಟ್ಟೆ ಖಾಲಿಯಾದ ಮೇಲೆ ಬುಟ್ಟಿಯನ್ನು ಮೊದಲು ಒಲೆಯಿಂದ ದೂರ, ಆಮೇಲೆ ಗೋಡೆಯ ಬದಿಗೆ, ಕೊನೆಗೆ ಆ ಕುಣಿಯೊಳಗೆ ಇಳಿಸಿದೆವು. ಉಡ ಮತ್ತೆ ಕಣ್ಣು ಮುಚ್ಚಿತು, ಮತ್ತೆ ತಣ್ಣಗಾಯಿತು. ಈಗ ಏನೂ ಮಾಡಬಾರದು. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ದಿನಕ್ಕೆಷ್ಟು ಸಲ ಹಲಗೆ ಎತ್ತಿ ನೋಡುತ್ತಿದ್ದೆನೋ. ಮೂಗಿನ ಹತ್ತಿರ ಬೆರಳು ಹಿಡಿದರೆ ಉಸಿರು ತಾಗದು. ಕಾಲು ಮುಟ್ಟಿದರೆ ತುಂಬ ಹೊತ್ತಾದ ಮೇಲೆ ಸ್ವಲ್ಪವೇ ಒಳಗೆಳೆದುಕೊಳ್ಳುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲ. ಇಲ್ಲದ ದಿನ ನನಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಬಾಲ ಸೊರಗಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ನಮ್ಮಿಬ್ಬರಿಗೂ ಜಗಳ. ನಾನು ಸೊರಗಿದೆ ಎನ್ನುವುದು, ಅವರು ಇಲ್ಲವೆನ್ನುವುದು. ಕೊನೆಗೆ ಮಾವ ಕೆಂಪು ರೇಷ್ಮೆಯ ಎಳೆಯೊಂದನ್ನು ಹುರಿ ಮಾಡಿ ಬಾಲದ ಬುಡಕ್ಕೆ ಸುತ್ತಿ, ಉಗುರು ಹೋಗದಷ್ಟು ಸಮಕ್ಕೆ ಗಂಟು ಹಾಕಿದರು. ಎಳೆ ಸಡಿಲಾದರೆ ಬಾಲ ಸೊರಗಿದಂತೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಎಳೆ ಸಡಿಲಾಗಿ ಜಾರಿದೆ. ನಾನು ಅಲ್ಲೇ ಕೂತುಬಿಟ್ಟೆ. ಮಾವ ಬಂದರು, ಎಳೆ ತೆಗೆದು ಬೆರಳಿನಲ್ಲಿ ಉಜ್ಜಿದರು, ಬೆಳಕಿಗೆ ಹಿಡಿದರು, ಗಂಟು ಜಾರಿದೆ ಎಂದರು. ಹೊಸ ಎಳೆ ಸುತ್ತಿದರು. ಗಂಟು ಜಾರಿತ್ತೋ, ನನ್ನ ಸಮಾಧಾನಕ್ಕೆ ಹಾಗೆಂದರೋ, ಅವರ ಮುಖದಿಂದ ಗೊತ್ತಾಗಲಿಲ್ಲ. ಅವತ್ತು ಅವರೂ ಅರ್ಧ ರೊಟ್ಟಿ ಬಿಟ್ಟು ಎದ್ದರು. ಆದರೆ ಎದ್ದು ಹೋಗುವಾಗ, ನೀನು ಉಣ್ಣು, ಚಿಂತೆ ಮಾಡುತ್ತ ಕೂರಬೇಡ ಎಂದು ನನಗೆ ಹೇಳಿಯೇ ಹೋದರು. ಆ ಚಳಿಗಾಲದ ಉದ್ದಕ್ಕೂ ನಾವು ಹೀಗೇ, ಭಯದ ಮಾತೇ ಆದರೂ, ದಿನವೂ ಮಾತಾಡಿದೆವು.

ಶಿವರಾತ್ರಿಯ ಆಸುಪಾಸು ಬಿಸಿಲು ಏರಿತು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದೆ. ನಡುಮನೆಯಲ್ಲಿ ಹಲಗೆ ಸರಿದ ಸದ್ದಾಯಿತು, ಮಾವ ಕುಣಿಯ ಹತ್ತಿರ ಬಗ್ಗಿದ್ದು ಬಾಗಿಲ ಸಂದಿಯಿಂದ ಕಂಡಿತು. ಕುಣಿಯ ಅಂಚಿನ ಮೇಲೆ ಸಾವ್ಕಾರನ ತಲೆ. ಕತ್ತು ಎತ್ತಿದ್ದ. ನಾಲಗೆ ಹೊರಗೆ ಬಂತು, ಒಳಗೆ ಹೋಯಿತು, ಮತ್ತೆ ಹೊರಗೆ ಬಂತು. ನನ್ನ ಕಣ್ಣಲ್ಲಿ ನೀರು ತುಂಬಿತು. ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲಿಯೇ ನಿಂತೆ. ಇದ್ದಕ್ಕಿದ್ದಂತೆ ಬೇರೆಯದೇ ಹೆದರಿಕೆ ಹಿಡಿಯಿತು. ಮಾತು ಮುಟ್ಟಿಸುವವನು ಎದ್ದ. ಇನ್ನು ಮಾವ ಮೊದಲಿನಂತೆ ಅವನಿಗೇ ಹೇಳುತ್ತಾರೆ, ನನ್ನ ಮುಖ ನೋಡುವ ಅಗತ್ಯ ಮುಗಿಯಿತು. ಇಷ್ಟು ದಿನ ಬದುಕಲಿ ಎಂದು ಬೇಡಿಕೊಂಡ ಪ್ರಾಣಿ ಬದುಕಿದ ಗಳಿಗೆಯಲ್ಲಿ ನನ್ನ ಎದೆ ಹೀಗೆ ಕುಸಿದದ್ದಕ್ಕೆ ನಾಚಿಕೆಯೂ ಆಯಿತು.

ಮಾವ ಅವನನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲು ಬಿದ್ದ ಕಡೆ ಇಟ್ಟರು. ಬಾಲದ ಎಳೆ ಬಿಚ್ಚಿದರು. ಬೆನ್ನು ಸವರಿದರು. ಅವನ ತಲೆಯ ಹತ್ತಿರ ಬಾಯಿ ತಂದು ಏನೋ ಹೇಳಲು ಶುರುಮಾಡಿದರು.

"ನೀ ಸುಮ್ನ ಇರು ಸಾವ್ಕಾರ," ಎಂದರು. "ಆಕಿಗೆ ನಾನ ಹೇಳ್ತೇನಿ."

ನಾನು ಸರಸರನೆ ಹಿಂದೆ ಬಂದು ಒಲೆಯ ಮುಂದೆ ಕೂತು, ಬೇಯದ ಬೇಳೆಯನ್ನು ತಿರುವತೊಡಗಿದೆ. ಅವರು ಬಾಗಿಲಿಗೆ ಬಂದು ನಿಂತರು. ಕೆಂಪು ಕೈಗಳನ್ನು ಧೋತರಕ್ಕೆ ಒರೆಸಿಕೊಂಡರು.

"ಎದ್ದೈತಿ ನೋಡವಾ."

"ಖರೇನ್ರಿ?" ಎಂದೆ, ಏನೂ ಗೊತ್ತಿಲ್ಲದವಳಂತೆ.